ಪಕ್ ಬಿಟ್ಟು ಬೆಂಚ್ ನೋಡಿ: ಅಮೆರಿಕದ ಕಾಲೇಜು ಐಸ್ ಹಾಕಿ ಪ್ಲೇಆಫ್

ಕಾಲೇಜು ಐಸ್ ಹಾಕಿಯ ಪ್ಲೇಆಫ್‌ಗೆ ಮೊದಲ ಸಲ ಹೋದವರ ಕಣ್ಣು ಪಕ್‌ಗೇ ಅಂಟಿಕೊಂಡಿರುತ್ತದೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಕಪ್ಪು ರಬ್ಬರ್ ಬಿಲ್ಲೆ ಅದು. ಎತ್ತ ಹೋಯಿತು, ಯಾರ ಕಾಲಿಗೆ ಸಿಕ್ಕಿತು ಎಂದು ಹುಡುಕುವಷ್ಟರಲ್ಲಿ ಗೋಲು ಆಗಿಹೋಗಿರುತ್ತದೆ. ಇಪ್ಪತ್ತು ನಿಮಿಷದ ಮೂರು ಪೀರಿಯಡ್‌ಗಳ ಈ ಆಟದಲ್ಲಿ ಒಂದು ಪೀರಿಯಡ್ ಮಟ್ಟಿಗಾದರೂ ಪಕ್ ಬಿಟ್ಟು ಆಟಗಾರರ ಬೆಂಚ್ ನೋಡಿ ಎನ್ನುವುದು ನನ್ನ ಸಲಹೆ. ಯಾರು ಅಡ್ಡಗೋಡೆ ಹಾರಿ ಒಳಗೆ ಬಂದರು, ಯಾರು ಹೊರಗೆ ಹೋಗಲಾಗದೆ ಐಸ್ ಮೇಲೆಯೇ ಸಿಕ್ಕಿಕೊಂಡರು ಎಂದು ಗಮನಿಸಿ. ಗೋಲು ಯಾಕೆ ಆಯಿತು ಎಂಬುದಕ್ಕೆ ಉತ್ತರ ಬಹಳ ಸಲ ಅಲ್ಲೇ ಇರುತ್ತದೆ. ಮಾರ್ಚ್ ತಿಂಗಳಲ್ಲಿ ಎಲ್ಲ ತಂಡಗಳಿಗೂ ಕೌಶಲ ಇರುತ್ತದೆ, ಎಲ್ಲರೂ ಒಬ್ಬರನ್ನೊಬ್ಬರು ಓದಿಕೊಂಡಿರುತ್ತಾರೆ. ಉಳಿದ ವ್ಯತ್ಯಾಸವೆಂದರೆ ದಣಿವು. ಯಾರು ಯಾವಾಗ ದಣಿದರು, ಆ ದಣಿವನ್ನು ಎದುರಾಳಿ ಹೇಗೆ ಬಳಸಿಕೊಂಡ ಎಂಬುದೇ ಪ್ಲೇಆಫ್.

ಆನ್ ಆರ್ಬರ್, ಬಾಸ್ಟನ್, ಮಿನಿಯಾಪೊಲಿಸ್, ರಾಚೆಸ್ಟರ್‌ಗಳಿಗೆ ಓದಲು ಹೋಗಿರುವ ನಮ್ಮ ಹುಡುಗ ಹುಡುಗಿಯರ ಹಾಸ್ಟೆಲ್‌ನಿಂದ ನಡೆದುಹೋಗುವ ದೂರದಲ್ಲೇ ಈ ಆಟ ನಡೆಯುತ್ತದೆ. ಆದರೂ ಅರ್ಥವಾಗದ ಆಟ ಎಂದು ಎಷ್ಟೋ ಜನ ಒಳಗೇ ಹೋಗುವುದಿಲ್ಲ. ಕೊಡಗಿನ ಕೌಟುಂಬಿಕ ಹಾಕಿ ನೋಡಿ ಬೆಳೆದವರಿಗಂತೂ ಇದು ಬೇಗ ಹಿಡಿಸುತ್ತದೆ. ಅವರು ಹೊಸದಾಗಿ ಕಲಿಯಬೇಕಾದ್ದು ಮೂರೇ. ಮೈದಾನದ ಹಾಕಿ 1990ರ ದಶಕದಲ್ಲಿ ಕೈಬಿಟ್ಟ ಆಫ್‌ಸೈಡ್ ಇಲ್ಲಿ ಇನ್ನೂ ಇದೆ: ನೀಲಿ ಗೆರೆಯನ್ನು ಪಕ್ ದಾಟುವ ಮುನ್ನ ದಾಳಿ ಮಾಡುವವರು ದಾಟಬಾರದು. ತಪ್ಪು ಮಾಡಿದವನು ಎರಡು ನಿಮಿಷ ಪೆಟ್ಟಿಗೆಯಲ್ಲಿ ಕೂರುತ್ತಾನೆ, ಅಷ್ಟು ಹೊತ್ತು ಅವನ ತಂಡ ಒಬ್ಬ ಆಟಗಾರ ಕಡಿಮೆಯಾಗಿ ಆಡುತ್ತದೆ. ಮೂರನೆಯದು ಐಸಿಂಗ್. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಐಸ್ ಮೇಲೆ ಒಂದು ಕಡೆಯಿಂದ ಐವರು ಸ್ಕೇಟರ್‌ಗಳು, ಒಬ್ಬ ಗೋಲ್‌ಕೀಪರ್. ಬೆಂಚ್ ಮೇಲೆ ಮೂವರು ಮೂವರಂತೆ ನಾಲ್ಕು ಸಾಲು ಫಾರ್ವರ್ಡ್‌ಗಳು, ಇಬ್ಬರಿಬ್ಬರಂತೆ ಮೂರು ಜೋಡಿ ಡಿಫೆನ್ಸ್, ಜೊತೆಗೆ ಒಬ್ಬ ಹೆಚ್ಚುವರಿ. ಒಮ್ಮೆ ಐಸ್‌ಗೆ ಇಳಿದರೆ ನಲವತ್ತು, ನಲವತ್ತೈದು ಸೆಕೆಂಡು ಪೂರ್ತಿ ಕಸುವು ಹಾಕಿ ಆಡಿ ಹೊರಗೆ ಬರಬೇಕು. ಇದಕ್ಕೆ ಶಿಫ್ಟ್ ಎನ್ನುತ್ತಾರೆ. ಒಂದು ನಿಮಿಷ ದಾಟಿದರೆ ಕಾಲು ಮಾತು ಕೇಳುವುದಿಲ್ಲ. ತೊಡೆಯಲ್ಲಿ ಬಲ ಉಳಿಯದೆ ಆಟಗಾರ ಮೊಣಕಾಲು ಬಗ್ಗಿಸುವುದನ್ನು ಬಿಟ್ಟು ನೆಟ್ಟಗೆ ನಿಲ್ಲತೊಡಗುತ್ತಾನೆ, ಕೋಲನ್ನು ಮಾತ್ರ ಮುಂದೆ ಚಾಚುತ್ತಾನೆ. ಹಾಗೆ ಚಾಚಿದ ಕೋಲು ಎದುರಾಳಿಯ ಕಾಲಿಗೆ ತೊಡರಿದರೆ ಟ್ರಿಪ್ಪಿಂಗ್, ಎರಡು ನಿಮಿಷದ ಶಿಕ್ಷೆ. ಪ್ಲೇಆಫ್‌ನಲ್ಲಿ ಕಾಣುವ ಎಷ್ಟೋ ಪೆನಾಲ್ಟಿಗಳು ಸಿಟ್ಟಿನಿಂದ ಬಂದವಲ್ಲ, ಸುಸ್ತಿನಿಂದ ಬಂದವು.

ಐಸಿಂಗ್‌ನ ಕ್ರೌರ್ಯ ಇಲ್ಲಿದೆ. ಒತ್ತಡ ತಾಳಲಾರದೆ ತಂಡವೊಂದು ತನ್ನ ಅರ್ಧದಿಂದಲೇ ಪಕ್ಕನ್ನು ಆಚೆ ತುದಿಯ ಗೋಲ್ ಗೆರೆಯಾಚೆಗೆ ಬೀಸಿ ಹೊಡೆದರೆ ಆಟ ನಿಲ್ಲುತ್ತದೆ. ಫೇಸ್‌ಆಫ್, ಅಂದರೆ ಇಬ್ಬರ ನಡುವೆ ಪಕ್ ಹಾಕಿ ಆಟ ಮತ್ತೆ ಶುರುಮಾಡುವುದು, ಆ ತಂಡದ ಗೋಲಿನ ಪಕ್ಕದಲ್ಲೇ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತಪ್ಪು ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ. ಎದುರಾಳಿ ಬದಲಿಸಬಹುದು. ಏದುಸಿರು ಬಿಡುತ್ತಿರುವ ಐವರ ಎದುರು ಎದುರಾಳಿ ಕೋಚ್ ತನ್ನ ಅತ್ಯುತ್ತಮ ಐವರನ್ನು ಇಳಿಸುತ್ತಾನೆ. ಐಸಿಂಗ್ ಆದ ಮರುಕ್ಷಣ ವಿದ್ಯಾರ್ಥಿಗಳ ಗ್ಯಾಲರಿ ಎದ್ದು ನಿಲ್ಲುವುದು ಇದಕ್ಕೇ. ಅನುಭವಿ ತಂಡ ಇಂಥ ಹೊತ್ತಲ್ಲಿ ಪಕ್ಕನ್ನು ದೂರ ಹೊಡೆಯುವುದಿಲ್ಲ. ಗಾಜಿಗೆ ತಗುಲಿಸಿ ಮಧ್ಯದ ಕೆಂಪು ಗೆರೆಯವರೆಗಷ್ಟೇ ಕಳಿಸುತ್ತದೆ, ಅಥವಾ ಗೋಲ್‌ಕೀಪರ್ ಪಕ್ ಹಿಡಿದು ಆಟ ನಿಲ್ಲಿಸುತ್ತಾನೆ. ಹಾಗೆ ನಿಂತಾಗ ಆಟಗಾರರನ್ನು ಬದಲಿಸಿಕೊಳ್ಳಬಹುದಲ್ಲ!

ಎರಡನೆಯ ಪೀರಿಯಡ್‌ನಲ್ಲಿ ಹೆಚ್ಚು ಗೋಲು ಬರುವುದಕ್ಕೂ ಇದೇ ಮೂಲ. ರಿಂಕ್‌ನ ಉದ್ದ 200 ಅಡಿ. ಎರಡೂ ಬೆಂಚ್‌ಗಳು ಒಂದೇ ಬದಿಯಲ್ಲಿ, ಮಧ್ಯಗೆರೆಯ ಆಚೀಚೆ ಇರುತ್ತವೆ. ಮೊದಲ ಮತ್ತು ಮೂರನೆಯ ಪೀರಿಯಡ್‌ನಲ್ಲಿ ತಂಡದ ಬೆಂಚ್ ತನ್ನದೇ ಗೋಲಿನ ಕಡೆಗಿರುತ್ತದೆ. ಎರಡನೆಯದರಲ್ಲಿ ತುದಿ ಬದಲಾಗುವುದರಿಂದ ಬೆಂಚ್ ದೂರವಾಗುತ್ತದೆ. ಡಿಫೆನ್ಸ್‌ನವನು ದಣಿದಾಗ ಹೊರಗೆ ಹೋಗಲು ಅಷ್ಟು ಹೆಚ್ಚು ದೂರ ಸ್ಕೇಟ್ ಮಾಡಬೇಕು, ಅವನು ಹೊರಟ ಜಾಗ ಅಷ್ಟು ಹೊತ್ತು ಖಾಲಿ. ಹೋಗದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ನೆನಪಿಡಬೇಕಾದ ಸಂಗತಿ: ಪಂದ್ಯ ಸಮವಾದಾಗ ಆಡುವ ಓವರ್‌ಟೈಮ್‌ನ ಮೊದಲ ಪೀರಿಯಡ್ ಅಂದರೆ ನಾಲ್ಕನೆಯ ಪೀರಿಯಡ್. ಆಗಲೂ ಬೆಂಚ್ ದೂರ.

ಇನ್ನು ಪ್ಲೇಆಫ್‌ನ ಹಂತಗಳು. ಗಂಡಸರ ಡಿವಿಷನ್ ಒಂದರಲ್ಲಿ, ಅಂದರೆ ಕಾಲೇಜು ಹಾಕಿಯ ಮೇಲಿನ ದರ್ಜೆಯಲ್ಲಿ, ಆರು ಕಾನ್ಫರೆನ್ಸ್‌ಗಳಿವೆ (ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪುಗಳು): ಹಾಕಿ ಈಸ್ಟ್, ಇಸಿಎಸಿ, ಬಿಗ್ ಟೆನ್, ಎನ್‌ಸಿಎಚ್‌ಸಿ, ಸಿಸಿಎಚ್‌ಎ, ಅಟ್ಲಾಂಟಿಕ್. ಮಾರ್ಚ್ ಆರಂಭದಲ್ಲಿ ಪ್ರತಿಯೊಂದೂ ತನ್ನ ಪ್ಲೇಆಫ್ ನಡೆಸುತ್ತದೆ, ಗೆದ್ದ ಆರು ತಂಡಗಳಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಉಳಿದ ಹತ್ತು ಜಾಗಗಳನ್ನು ಇಡೀ ಋತುವಿನ ಫಲಿತಾಂಶಗಳಿಂದ ತೆಗೆದ ರ‍್ಯಾಂಕಿಂಗ್ ತುಂಬುತ್ತದೆ. ಹದಿನಾರು ತಂಡ, ನಾಲ್ಕು ಊರು, ಊರಿಗೆ ನಾಲ್ಕು ತಂಡ, ಸೋತರೆ ಮನೆಗೆ. ಉಳಿದ ನಾಲ್ಕು ತಂಡಗಳು ಏಪ್ರಿಲ್‌ನಲ್ಲಿ ಫ್ರೋಜನ್ ಫೋರ್‌ಗೆ. ಗುರುವಾರ ಸೆಮಿಫೈನಲ್, ಶನಿವಾರ ಫೈನಲ್. 2003ರಿಂದ ಹೀಗೆ ಹದಿನಾರು ತಂಡಗಳಿವೆ. 1948ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಶುರುವಾದಾಗ ಇದ್ದದ್ದು ನಾಲ್ಕೇ. ಮೊದಲ ಪ್ರಶಸ್ತಿ ಮಿಷಿಗನ್‌ಗೆ; ಅತಿ ಹೆಚ್ಚು ಪ್ರಶಸ್ತಿ ಡೆನ್ವರ್‌ಗೆ, 2024ರದ್ದು ಅವರ ಹತ್ತನೆಯದು.

ನನ್ನ ಮಟ್ಟಿಗೆ ಈ ಇಡೀ ಏಣಿಯಲ್ಲಿ ಅತ್ಯಂತ ರುಚಿಕಟ್ಟಾದದ್ದು ಮೇಲಿನ ಮೆಟ್ಟಿಲಲ್ಲ, ಕೆಳಗಿನದು. ಇಸಿಎಸಿಯಂಥ ಕಾನ್ಫರೆನ್ಸ್‌ಗಳ ಕ್ವಾರ್ಟರ್‌ಫೈನಲ್ ಮೂರು ಪಂದ್ಯಗಳ ಸರಣಿ: ಶುಕ್ರವಾರ ಒಂದು, ಶನಿವಾರ ಒಂದು, ಸಮವಾದರೆ ಭಾನುವಾರ ಮೂರನೆಯದು. ಮೂರೂ ಪಂದ್ಯ ಮೇಲಿನ ಶ್ರೇಯಾಂಕದ ತಂಡದ ಕ್ಯಾಂಪಸ್ಸಿನಲ್ಲೇ. (ಹಾಕಿ ಈಸ್ಟ್ ಸರಣಿಯನ್ನು ಬಿಟ್ಟು ಒಂದೇ ಪಂದ್ಯಕ್ಕೆ ಇಳಿದಿದೆ. ನನಗೆ ಅದು ದೊಡ್ಡ ನಷ್ಟವೆಂದೇ ಕಾಣುತ್ತದೆ.) ಮನೆಯಂಗಳದ ಲಾಭವೆಂದರೆ ಗದ್ದಲ ಮಾತ್ರವಲ್ಲ. ಆಟ ನಿಂತಾಗಲೆಲ್ಲ ಅತಿಥಿ ತಂಡ ಮೊದಲು ತನ್ನ ಆಟಗಾರರನ್ನು ಇಳಿಸಬೇಕು, ಅವರನ್ನು ನೋಡಿದ ಮೇಲೆ ಮನೆಯ ತಂಡ ತನ್ನವರನ್ನು ಇಳಿಸಬಹುದು. ಎದುರಾಳಿಯ ಮುಖ್ಯ ಗೋಲುಗಾರನ ಮೇಲೆ ತನ್ನ ಗಟ್ಟಿ ಡಿಫೆನ್ಸ್ ಜೋಡಿಯನ್ನು ಪ್ರತಿ ಸಲವೂ ಬಿಡಬಹುದು. ಅತಿಥಿ ಕೋಚ್ ಇದನ್ನು ತಪ್ಪಿಸಲು ಆಟ ನಡೆಯುತ್ತಿರುವಾಗಲೇ ಬದಲಾವಣೆ ಮಾಡುತ್ತಾನೆ. ಇಳಿಸಿದ ಹತ್ತೇ ಸೆಕೆಂಡಿಗೆ ತನ್ನ ಮೊದಲ ಸಾಲನ್ನು ವಾಪಸ್ ಕರೆದು ಇನ್ನೊಂದು ಗಳಿಗೆಯಲ್ಲಿ ಮತ್ತೆ ಕಳಿಸುತ್ತಾನೆ. ಈ ಬೆಕ್ಕು ಇಲಿಯಾಟ ಟಿವಿಯಲ್ಲಿ ಕಾಣುವುದೇ ಇಲ್ಲ, ಕ್ಯಾಮೆರಾ ಪಕ್ಕಿನ ಹಿಂದೆಯೇ ಓಡುತ್ತಿರುತ್ತದೆ.

ಕಾರ್ನೆಲ್ ವಿಶ್ವವಿದ್ಯಾಲಯದ ಲೈನಾ ರಿಂಕ್‌ನಲ್ಲಿ ಹಿಡಿಸುವುದು ಸುಮಾರು 4,200 ಜನ. ಎದುರಾಳಿ ತಂಡದ ಹೆಸರುಗಳನ್ನು ಓದುವಾಗ ವಿದ್ಯಾರ್ಥಿಗಳು ದಿನಪತ್ರಿಕೆ ಬಿಡಿಸಿ ಮುಖಕ್ಕೆ ಹಿಡಿದು, ನಿಮ್ಮಲ್ಲಿ ನಮಗೆ ಆಸಕ್ತಿಯಿಲ್ಲ ಎಂದು ತೋರಿಸುತ್ತಾರೆ. ಹಾರ್ವರ್ಡ್ ಬಂದರೆ ಐಸ್ ಮೇಲೆ ಮೀನು ಬೀಳುತ್ತದೆ, 1970ರ ದಶಕದಿಂದ ಬಂದ ರೂಢಿ ಅದು. ಆಟದ ನಡುವೆ ಎಸೆದರೆ ಮನೆಯ ತಂಡಕ್ಕೇ ಪೆನಾಲ್ಟಿ ಬೀಳಬಹುದು, ಆದ್ದರಿಂದ ಹಳಬರು ಹೊಸಬರನ್ನು ಗದರುತ್ತಾರೆ. ಗೋಲು ಆದಾಗ ಎದುರಾಳಿ ಗೋಲ್‌ಕೀಪರ್‌ಗೆ ಬೆರಳು ತೋರಿಸಿ ‘ಸೀವ್, ಸೀವ್’ ಎಂದು, ಅಂದರೆ ನೀನೊಂದು ಜರಡಿ ಎಂದು, ಕೂಗುವುದು ಹೆಚ್ಚುಕಡಿಮೆ ಎಲ್ಲ ಕ್ಯಾಂಪಸ್ಸುಗಳಲ್ಲೂ ಇದೆ. ಮಿಷಿಗನ್‌ನ ಯೋಸ್ಟ್ 1923ರ ಇಟ್ಟಿಗೆ ಕಟ್ಟಡ. ಅಲ್ಲಿ ಕಾಲೇಜಿನ ಬ್ಯಾಂಡ್ ಊದಿದರೆ ಸದ್ದು ಗೋಡೆಗಳ ನಡುವೆ ಸುತ್ತುತ್ತಲೇ ಇರುತ್ತದೆ. ಬ್ಯಾಂಡ್ ಇರುವ ಹಾಕಿಗೂ ಸ್ಪೀಕರ್‌ನಲ್ಲಿ ಹಾಡು ಹಾಕುವ ವೃತ್ತಿಪರ ಹಾಕಿಗೂ ಇರುವ ಅಂತರ ಒಮ್ಮೆ ಕೇಳಿದವರಿಗೆ ಗೊತ್ತು.

ಇದನ್ನೆಲ್ಲ ಬಿಟ್ಟು ರಾಷ್ಟ್ರೀಯ ಟೂರ್ನಿಯ ಮೊದಲ ಎರಡು ಸುತ್ತುಗಳನ್ನು ಕ್ಯಾಂಪಸ್ಸಿನಾಚೆಯ ತಟಸ್ಥ ಊರುಗಳ ಅರೀನಾಗಳಲ್ಲಿ ಆಡಿಸುತ್ತಾರೆ. ಯಾರು ಎಲ್ಲಿ ಆಡುತ್ತಾರೆಂದು ಭಾನುವಾರ ತಿಳಿಯುತ್ತದೆ, ಪಂದ್ಯ ಅದೇ ವಾರ. ಪರೀಕ್ಷೆ ಇಟ್ಟುಕೊಂಡ ವಿದ್ಯಾರ್ಥಿ ಸಾವಿರ ಮೈಲಿ ಹೇಗೆ ಹೋದಾನು? ಋತುವಿನ ಅತ್ಯಂತ ಮಹತ್ವದ ಪಂದ್ಯಗಳು ಖಾಲಿ ಕುರ್ಚಿಗಳ ಎದುರು ನಡೆಯುತ್ತವೆ. ಹೆಂಗಸರ ಟೂರ್ನಿ ಇದನ್ನು ಸರಿಯಾಗಿ ಮಾಡಿದೆ: ಹನ್ನೊಂದು ತಂಡ, ಫ್ರೋಜನ್ ಫೋರ್‌ವರೆಗಿನ ಸುತ್ತುಗಳು ಮೇಲಿನ ಶ್ರೇಯಾಂಕದವರ ರಿಂಕ್‌ನಲ್ಲಿ. ಗಂಡಸರದ್ದನ್ನೂ ಹಾಗೇ ಮಾಡಿ ಎಂದು ಅಭಿಮಾನಿಗಳು ವರ್ಷವರ್ಷವೂ ಕೇಳುತ್ತಾರೆ. ತಟಸ್ಥ ಜಾಗವೇ ನ್ಯಾಯ ಎನ್ನುವವರ ವಾದದಲ್ಲೂ ಸ್ವಲ್ಪ ಹುರುಳಿದೆ, ಒಂದೇ ಪಂದ್ಯದಲ್ಲಿ ಕೊನೆಯ ಬದಲಾವಣೆಯ ಹಕ್ಕೂ ಜನರ ಗದ್ದಲವೂ ಒಂದೇ ಕಡೆ ಸೇರಿದರೆ ಭಾರ ಹೆಚ್ಚು. ಆದರೆ ಐದು ತಿಂಗಳು ಆಡಿ ಮೇಲೆ ಬಂದ ತಂಡಕ್ಕೆ ಅಷ್ಟು ಭಾರ ಸಲ್ಲಬೇಕು ಎಂಬ ಕಡೆಗೇ ನಾನು.

ಒಂದೇ ಪಂದ್ಯದ ನಾಕೌಟ್‌ನಲ್ಲಿ ಶ್ರೇಯಾಂಕ ಎಷ್ಟು ಬೇಗ ಕರಗುತ್ತದೆ ಎನ್ನುವುದಕ್ಕೆ 2006ರಲ್ಲಿ ಮಿನೆಸೋಟವನ್ನು ಓವರ್‌ಟೈಮ್‌ನಲ್ಲಿ 4-3ರಿಂದ ಕೆಡವಿದ ಹೋಲಿ ಕ್ರಾಸ್ ಸಾಕ್ಷಿ. 2013ರಲ್ಲಿ ಯೇಲ್ ಕೊನೆಯ ಗಳಿಗೆಯಲ್ಲಿ ಟೂರ್ನಿಯೊಳಗೆ ನುಸುಳಿ, ಆ ಋತುವಿನಲ್ಲಿ ತನ್ನನ್ನು ಮೂರು ಸಲ ಸೋಲಿಸಿದ್ದ ಕ್ವಿನಿಪಿಯಾಕ್ ವಿರುದ್ಧ ಫೈನಲ್‌ನಲ್ಲಿ 4-0 ಗೆದ್ದಿತು. ಇಂಥ ಗೆಲುವುಗಳ ಹಿಂದೆ ಸಾಮಾನ್ಯವಾಗಿ ಒಬ್ಬ ಗೋಲ್‌ಕೀಪರ್ ಇರುತ್ತಾನೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲಿನಲ್ಲಿ ಅವನು ಒಂದು ರಾತ್ರಿ ಸರಿಯಾದ ಜಾಗದಲ್ಲಿ ನಿಂತರೆ ಸಾಕು. ಅವನು ಚೆನ್ನಾಗಿ ಆಡುತ್ತಿದ್ದಾನೋ ಇಲ್ಲವೋ ತಿಳಿಯಲು ತಡೆದ ಹೊಡೆತಗಳನ್ನು ಎಣಿಸಬೇಡಿ. ತಡೆದ ಮೇಲೆ ಪಕ್ ಎಲ್ಲಿಗೆ ಹೋಗುತ್ತದೆ ನೋಡಿ. ಎದೆಗೆ ಅಂಟಿ ನಿಂತರೆ ಅಥವಾ ಮೂಲೆಗೆ ಸಿಡಿದರೆ ಆ ರಾತ್ರಿ ಅವನದು. ಪ್ಯಾಡ್‌ಗೆ ಬಡಿದು ನೇರ ಮುಂದಕ್ಕೆ ಬೀಳತೊಡಗಿದರೆ ಗೋಲು ಹತ್ತಿರದಲ್ಲಿದೆ.

ಒಂದು ಗೋಲು ಹಿಂದಿರುವ ತಂಡ ಕೊನೆಯ ಎರಡು ಮೂರು ನಿಮಿಷವಿರುವಾಗ ತನ್ನ ಗೋಲ್‌ಕೀಪರನ್ನು ಹೊರಗೆ ಕರೆದು ಆರನೆಯ ಸ್ಕೇಟರನ್ನು ಇಳಿಸುತ್ತದೆ. ಖಾಲಿ ಗೋಲಿಗೆ ಎದುರಾಳಿ ಹೊಡೆದರೆ ಕತೆ ಮುಗಿಯಿತು. ಆದರೆ ಐವರ ಮೇಲೆ ಆರು ಜನ ಒತ್ತಿದಾಗ ಆ ಐವರಿಗೆ ಹೊರಗೆ ಹೋಗಲು ಬಿಡುವೇ ಸಿಗುವುದಿಲ್ಲ. ದೂರದಿಂದ ಖಾಲಿ ಗೋಲಿಗೆ ಗುರಿಯಿಟ್ಟು ತಪ್ಪಿದರೆ ಐಸಿಂಗ್, ಮತ್ತೆ ಅದೇ ದಣಿದ ಐವರು. 2025ರ ಹೆಂಗಸರ ಫೈನಲ್‌ನಲ್ಲಿ ಮಿನಿಯಾಪೊಲಿಸ್‌ನ ರಿಡರ್ ಅರೀನಾದಲ್ಲಿ ಓಹಾಯೋ ಸ್ಟೇಟ್ 3-2 ಮುಂದಿತ್ತು. ವಿಸ್ಕಾನ್ಸಿನ್ ಒತ್ತಿ ಬಂದಾಗ ಗೋಲಿನ ಬಾಯಲ್ಲಿ ನಡೆದ ಗುಂಪಾಟದಲ್ಲಿ ಓಹಾಯೋ ಆಟಗಾರ್ತಿಯೊಬ್ಬರ ಕೈ ಪಕ್ಕನ್ನು ಮುಚ್ಚಿತು. ವಿಸ್ಕಾನ್ಸಿನ್ ಕೋಚ್ ಮಾರ್ಕ್ ಜಾನ್ಸನ್ ವಿಡಿಯೊ ನೋಡುವಂತೆ ಕೇಳಿದರು, ಗೋಲ್‌ಕೀಪರ್ ಒಬ್ಬರನ್ನೇ ಎದುರಿಸಿ ಹೊಡೆಯುವ ಪೆನಾಲ್ಟಿ ಶಾಟ್ ಸಿಕ್ಕಿತು. 18.9 ಸೆಕೆಂಡು ಉಳಿದಿರುವಾಗ ಕರ್ಸ್ಟನ್ ಸಿಮ್ಸ್ ಅದನ್ನು ಗೋಲಾಗಿಸಿದರು, ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲೂ ಅವರದೇ. ಕೋಚ್ ಮೇಲ್ಮನವಿ ಸೋತರೆ ಇರುವ ಒಂದೇ ಟೈಮ್‌ಔಟ್ ಹೋಗುತ್ತದೆ, ಆದ್ದರಿಂದ ಅದನ್ನು ಕೊನೆಯ ನಿಮಿಷದವರೆಗೆ ಉಳಿಸಿಕೊಳ್ಳುವುದೂ ಒಂದು ಜಾಣತನ.

ಪ್ಲೇಆಫ್‌ನ ಓವರ್‌ಟೈಮ್‌ನಲ್ಲಿ ಶೂಟ್‌ಔಟ್ ಇಲ್ಲ. ಐವರಿಗೆ ಐವರು, ಇಪ್ಪತ್ತು ನಿಮಿಷದ ಪೂರ್ಣ ಪೀರಿಯಡ್, ಮೊದಲ ಗೋಲಿಗೆ ಆಟ ಮುಗಿಯುತ್ತದೆ. ಗೋಲು ಬರದಿದ್ದರೆ ಐಸ್ ಹದ ಮಾಡಿ ಮತ್ತೊಂದು ಪೀರಿಯಡ್. 2023ರ ಫೈನಲ್‌ನಲ್ಲಿ ಕ್ವಿನಿಪಿಯಾಕ್‌ನ ಜೇಕಬ್ ಕ್ವಿಲನ್ ಮಿನೆಸೋಟ ವಿರುದ್ಧ ಹತ್ತೇ ಸೆಕೆಂಡಿನಲ್ಲಿ ಮುಗಿಸಿದರು. ಅದರ ಎದುರು ತುದಿ 2021ರ ಮಾರ್ಚ್ 27ರಂದು ಫಾರ್ಗೊ ಊರಿನಲ್ಲಿ ನಡೆದ ಪಂದ್ಯ. ಮಿನೆಸೋಟ ಡುಲುತ್ 2-0 ಮುಂದಿತ್ತು. ನಾರ್ತ್ ಡಕೋಟ ಗೋಲ್‌ಕೀಪರನ್ನು ಹೊರಗೆ ಕರೆದು ಕೊನೆಯ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆಯಿತು. ಮೊದಲ ಓವರ್‌ಟೈಮ್‌ನಲ್ಲಿ ಡುಲುತ್ ಗೆದ್ದೆವೆಂದು ಕುಣಿದದ್ದು ವಿಡಿಯೊದಲ್ಲಿ ಆಫ್‌ಸೈಡ್ ಎಂದು ರದ್ದಾಯಿತು. 57 ಹೊಡೆತ ತಡೆದಿದ್ದ ಡುಲುತ್ ಗೋಲ್‌ಕೀಪರ್ ಝಾಕ್ ಸ್ಟೇಸ್ಕಲ್ ಅವರ ಸ್ನಾಯು ಹಿಡಿದುಕೊಂಡು, ಅವರ ಜಾಗಕ್ಕೆ ತಣ್ಣಗೆ ಕೂತಿದ್ದ ರಯಾನ್ ಫ್ಯಾಂಟಿ ಇಳಿಯಬೇಕಾಯಿತು. ಐದನೆಯ ಓವರ್‌ಟೈಮ್‌ನಲ್ಲಿ, ಒಟ್ಟು 142 ನಿಮಿಷ 13 ಸೆಕೆಂಡು ಆದಾಗ, ಡುಲುತ್‌ನ ಮೊದಲ ವರ್ಷದ ಹುಡುಗ ಲೂಕ್ ಮಿಲಿಮಾಕ್ ಗೆಲುವಿನ ಗೋಲು ಹೊಡೆದರು. ರಾಷ್ಟ್ರೀಯ ಟೂರ್ನಿಯ ಇತಿಹಾಸದ ಅತಿ ದೀರ್ಘ ಪಂದ್ಯ ಅದು. ಹೇಳುವವರು ಮರೆಯುವ ಒಂದು ವಿವರವಿದೆ. ಹಿಂದಿನ ದಿನ ಡುಲುತ್ ಆಡಿರಲೇ ಇಲ್ಲ. ಕೋವಿಡ್‌ನಿಂದ ಮಿಷಿಗನ್ ಹಿಂದೆ ಸರಿದಿತ್ತು. ನಾರ್ತ್ ಡಕೋಟದ ಕಾಲಿನಲ್ಲಿ ಶುಕ್ರವಾರದ ಇಡೀ ಪಂದ್ಯವಿತ್ತು.

ಇಂಥ ರಾತ್ರಿಗಳಲ್ಲಿ ಏನು ಕೆಡುತ್ತದೆ ಎಂದು ಸ್ವಲ್ಪ ನೋಡೋಣ. ಮೊದಲು ಐಸ್. ಅದರ ದಪ್ಪ ಒಂದು ಇಂಚಿನ ಆಸುಪಾಸು, ಉಷ್ಣತೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ. ವಿರಾಮದಲ್ಲಿ ಝಾಂಬೋನಿ ಯಂತ್ರ ಮೇಲ್ಪದರವನ್ನು ಕೆರೆದು ಬಿಸಿನೀರು ಬಳಿಯುತ್ತದೆ. ಬಿಸಿನೀರೇ ಯಾಕೆಂದರೆ ಅದು ಸೀಳುಗಳೊಳಗೆ ಇಳಿದು ಕೆಳಗಿನ ಐಸ್‌ಗೆ ಚೆನ್ನಾಗಿ ಬೆಸೆಯುತ್ತದೆ. ಸಾವಿರಾರು ಜನರ ಉಸಿರು, ಹೊರಗೆ ಕರಗುತ್ತಿರುವ ಹಿಮದ ತೇವ, ಬಾಗಿಲು ತೆರೆದು ಮುಚ್ಚುವುದು, ಇವೆಲ್ಲ ಸೇರಿ ಮೂರನೆಯ ಪೀರಿಯಡ್ ಹೊತ್ತಿಗೆ ಐಸ್ ಮೆತ್ತಗಾಗಿ ಹಿಮದ ಪುಡಿ ಏಳುತ್ತದೆ. ಪಕ್‌ಗಳನ್ನು ಪುಟಿಯಬಾರದೆಂದು ಪಂದ್ಯಕ್ಕೆ ಮುಂಚೆ ಹೆಪ್ಪುಗಟ್ಟಿಸಿಟ್ಟಿರುತ್ತಾರೆ. ಹಾಗಿದ್ದೂ ಕೆಟ್ಟ ಐಸ್ ಮೇಲೆ ಅವು ಎಗರುತ್ತವೆ, ಅಡ್ಡಡ್ಡ ಪಾಸ್ ಕೈಕೊಡುತ್ತದೆ. ಜಾಣ ತಂಡ ಆಗ ಚೆಂದದ ಆಟ ಬಿಟ್ಟು ಪಕ್ಕನ್ನು ಗೋಲಿನ ಹಿಂದಕ್ಕೆ ತಳ್ಳಿ ಬೆನ್ನಟ್ಟುತ್ತದೆ. ಎರಡನೆಯದು ಸಲಕರಣೆ. ಕೈಗವಸು ಬೆವರಿನಿಂದ ತೊಯ್ದು ಕೋಲು ಜಾರುತ್ತದೆ, ಸ್ಕೇಟಿನ ಅಂಚು ಮೊಂಡಾಗುತ್ತದೆ. ಮೂರನೆಯದು ದೇಹ: ನೀರು, ಉಪ್ಪು ಕಳೆದುಕೊಂಡ ಸ್ನಾಯು ಹಿಡಿಯುತ್ತದೆ. ಕೋಚ್ ಮೂರೇ ಸಾಲಿನಲ್ಲಿ ಆಡಿಸುತ್ತ ಬಂದಿದ್ದರೆ ಎರಡನೆಯ ಓವರ್‌ಟೈಮ್‌ನಲ್ಲಿ ಅದರ ಬೆಲೆ ತೆರುತ್ತಾನೆ. ನಾಲ್ಕನೆಯ ಸಾಲನ್ನು ಮೊದಲಿನಿಂದಲೂ ಇಳಿಸಿದವನ ತಂಡ ಆಗ ಎದ್ದು ಕಾಣುತ್ತದೆ.

ನಿಯಮಗಳಲ್ಲಿ ಎರಡು ಮಾತು. ಪೆನಾಲ್ಟಿಗೆ ರೆಫರಿ ಕೈಯೆತ್ತಿದ ಮೇಲೆ, ಸೀಟಿ ಊದುವ ಮುಂಚೆ ಗೋಲು ಆದರೆ ವೃತ್ತಿಪರ ಆಟದಲ್ಲಿ ಆ ಎರಡು ನಿಮಿಷದ ಶಿಕ್ಷೆ ರದ್ದು. ಕಾಲೇಜಿನಲ್ಲಿ ಗೋಲೂ ಉಂಟು, ಶಿಕ್ಷೆಯೂ ಉಂಟು. ಹೊಡೆದಾಟಕ್ಕೆ ಇಳಿದವನು ಆ ಪಂದ್ಯದಿಂದ ಹೊರಗೆ, ಮುಂದಿನ ಪಂದ್ಯಕ್ಕೂ ಇಲ್ಲ. ಹಾಗಾಗಿ ಇಲ್ಲಿ ಮುಷ್ಟಿಯುದ್ಧ ನಿರೀಕ್ಷಿಸಬೇಡಿ.

ಎಲ್ಲಿ ಕೂರಬೇಕು? ಗಾಜಿಗೆ ಅಂಟಿದ ಸಾಲಿನಲ್ಲಿ ಡಿಕ್ಕಿಯ ಸದ್ದು ಚೆನ್ನಾಗಿ ಕೇಳುತ್ತದೆ, ಆಟ ಕಾಣುವುದಿಲ್ಲ. ಹತ್ತನೆಯ ಸಾಲಿನಿಂದ ಮೇಲೆ, ಬೆಂಚ್‌ಗಳಿಗೆ ಎದುರು ಬದಿಯಲ್ಲಿ, ನೀಲಿ ಗೆರೆಯ ನೇರಕ್ಕೆ ಕೂತರೆ ಬದಲಾವಣೆಯೂ ಆಫ್‌ಸೈಡೂ ಎರಡೂ ಸಿಗುತ್ತವೆ. ಬಲೆ ಇರುವುದು ಗೋಲುಗಳ ಹಿಂದೆ ಮಾತ್ರ, ಉದ್ದದ ಬದಿಗಳಲ್ಲಿ ಪಕ್ ಜನರ ಮೇಲೆ ಹಾರಬಹುದು. ಆಟ ನಡೆಯುವಾಗ ಫೋನ್ ನೋಡುತ್ತ ಕೂರಬೇಡಿ. ಒಳಗೂ ಚಳಿ ಇರುತ್ತದೆ. ಕ್ಯಾಂಪಸ್ ರಿಂಕ್‌ಗಳ ಬೆಂಚುಗಳು ಹೆಚ್ಚಾಗಿ ಹಲಗೆ ಅಥವಾ ಲೋಹದವು, ಕೆಳಗೆ ಹಾಸಿಕೊಳ್ಳಲು ಏನಾದರೂ ಒಯ್ಯಿರಿ, ದಪ್ಪ ಕಾಲುಚೀಲ ಹಾಕಿ. ವಿದ್ಯಾರ್ಥಿಗಳ ಗ್ಯಾಲರಿಯಲ್ಲಾದರೆ ಕೂರುವ ಮಾತೇ ಇಲ್ಲ, ಮೂರೂ ಪೀರಿಯಡ್ ನಿಂತೇ ಇರಬೇಕು.

2025ರ ಆಗಸ್ಟ್‌ನಿಂದ ಹದಿಹರೆಯದವರು ಆಡುವ ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ ಆಡಿದವರಿಗೂ ಕಾಲೇಜಿನ ಬಾಗಿಲು ತೆರೆದಿದೆ. ಮೊದಲು ಅಲ್ಲಿ ಆಡಿದವರನ್ನು ವೃತ್ತಿಪರರೆಂದು ದೂರ ಇಡುತ್ತಿದ್ದರು. ಆಟದ ವೇಗ ಇದರಿಂದ ಏರುತ್ತದೆ. ಆದರೆ ದೊಡ್ಡ ವಿಶ್ವವಿದ್ಯಾಲಯಗಳಿಗೂ ಯೂನಿಯನ್, ಯೇಲ್‌ಗಳಂಥ ಶಾಲೆಗಳಿಗೂ ನಡುವಿನ ಅಂತರ ಬೆಳೆದೀತೆಂಬ ಆತಂಕ ನನಗಿದೆ. ಕ್ರೀಡಾ ವಿದ್ಯಾರ್ಥಿವೇತನವಿಲ್ಲದೆ ಯೇಲ್ 2013ರಲ್ಲೂ ಯೂನಿಯನ್ 2014ರಲ್ಲೂ ರಾಷ್ಟ್ರೀಯ ಪ್ರಶಸ್ತಿ ಗೆದ್ದವು. ಅಂಥದ್ದು ಮತ್ತೆ ಆಗಬೇಕು ಎಂದು ಮನಸಾರೆ ಬಯಸುತ್ತೇನೆ.

ಒಂದೇ ಪಂದ್ಯ ನೋಡಲು ಸಾಧ್ಯವೆಂದರೆ ಮೂರು ಪಂದ್ಯಗಳ ಸರಣಿಯ ಶನಿವಾರವನ್ನು ಆರಿಸಿಕೊಳ್ಳಿ. ಶುಕ್ರವಾರ ಸೋತ ತಂಡಕ್ಕೆ ಅದು ಉಳಿವಿನ ಪ್ರಶ್ನೆ, ನಾಲ್ಕನೆಯ ವರ್ಷದವರಲ್ಲಿ ಹಲವರಿಗೆ ಬದುಕಿನ ಕೊನೆಯ ಸ್ಪರ್ಧಾತ್ಮಕ ಪಂದ್ಯವೂ ಆಗಬಹುದು. ಶುಕ್ರವಾರದ ಗೆಲುವು ಶನಿವಾರಕ್ಕೆ ಎಷ್ಟು ಕಡಿಮೆ ಉಪಯೋಗಕ್ಕೆ ಬರುತ್ತದೆ ಎನ್ನುವುದಕ್ಕೆ ಕಾಲೇಜು ಹಾಕಿಯ ಎರಡು ಅತಿ ದೀರ್ಘ ಪಂದ್ಯಗಳನ್ನೇ ನೋಡಿ. 2010ರಲ್ಲಿ ಕ್ವಿನಿಪಿಯಾಕ್ ಐದು ಓವರ್‌ಟೈಮ್ ಆಡಿ ಯೂನಿಯನ್ ತಂಡವನ್ನು 3-2ರಿಂದ ಸೋಲಿಸಿತು, 150 ನಿಮಿಷ 22 ಸೆಕೆಂಡು. 2015ರ ಮಾರ್ಚ್ 6ರಂದು ಮ್ಯಾಸಚೂಸೆಟ್ಸ್ ಕೂಡ ಐದನೆಯ ಓವರ್‌ಟೈಮ್‌ನಲ್ಲೇ ನೋಟರ್ ಡೇಮ್ ತಂಡವನ್ನು 4-3ರಿಂದ ಸೋಲಿಸಿತು, 151 ನಿಮಿಷ 42 ಸೆಕೆಂಡು. ಎರಡೂ ಸಲ ಗೆದ್ದದ್ದು ಅತಿಥಿ ತಂಡ, ಎರಡೂ ಸಲ ಸರಣಿ ಹೋದದ್ದು ಮನೆಯ ತಂಡಕ್ಕೆ.